ಹೋಗಿ ಬತ್ತೀನಿ ಅಂದ ದ್ಯಾವಣ್ಣ

ನಗೋಣ ಅಂತ ಬಂದು ಕೂತಿದ್ದೀರಿ, ನಗಿ. ನಿಮ್ಮನ್ನು ನಗಿಸದೆ ಕಳಿಸೋ ಪೈಕಿ ನಾನಲ್ಲ. ಆದರೆ ಮೊದಲೇ ಹೇಳಿಬಿಡುತ್ತೇನೆ, ದ್ಯಾವಣ್ಣನ ಕತೆ ಹೇಳುವಾಗೆಲ್ಲ ನನಗೆ ಮೈ ಉರಿಯುತ್ತೆ. ಯಾರ ಮೇಲೆ ಅಂತ ಆಮೇಲೆ ನೀವೇ ಹೇಳಿ.

ಕೋಟೆ ಬೀದಿಯಲ್ಲಿ ಹೂವು ಮಾರೋ ಜವರಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ದ್ಯಾವಣ್ಣ, ಮೂವತ್ತು ದಾಟಿದ ಗಂಡಾಳು. ಮೂಟೆ ಎತ್ತು ಅಂದರೆ ಎತ್ತುತ್ತಿದ್ದ, ಇಳಿಸು ಅನ್ನೋವರೆಗೆ ಹೊತ್ತುಕೊಂಡೇ ನಿಂತಿರುತ್ತಿದ್ದ. ಹೇಳಿದ್ದು ಹೇಳಿದಷ್ಟೇ ಮಾಡೋನು, ಹೇಳದೆ ಬಿಟ್ಟದ್ದು ಅವನ ತಲೆಗೆ ಹೋಗುತ್ತಲೇ ಇರಲಿಲ್ಲ. ಚಿಕ್ಕವಳು ಮಾದೇವಿ, ಹೊಲಿಗೆ ಕಲಿತವಳು, ಬಲು ಚುರುಕು. ಅವಳನ್ನು ಆಗಲೇ ಎರಡು ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು, ತಿಳಿಸ್ತೀವಿ ಅಂತ ಹೋದವರು ತಿಳಿಸದೇ ಸುಮ್ಮನಾಗಿದ್ದರು. ಈಗ ಮೂರನೆಯ ಕಡೆ. ಹುಡುಗನ ಸೋದರಮಾವ ಚಿಕ್ಕಬೋರಯ್ಯ ಅದೇ ಊರಿನವನು, ಅವನೇ ಮುಂದೆ ನಿಂತು ಮಾತು ತಂದಿದ್ದ. ಈ ಸಂಬಂಧವೂ ತಪ್ಪಿದರೆ ಮಗಳು ಮನೆಯಲ್ಲೇ ಉಳಿದಳು ಅಂತ ಜವರಮ್ಮನಿಗೆ ರಾತ್ರಿ ಹಗಲು ಅದೇ ಚಿಂತೆ.

ಅದೇ ಬೀದಿಗೆ ಆಗ ಅನಸೂಯಾ ಮೇಡಂ ಅಂತ ಒಬ್ಬರು ಬಾಡಿಗೆಗೆ ಬಂದಿದ್ದರು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಹೇಳಿಕೊಡೋರು. ಅವರ ಕೆಲಸ ಏನು ಅಂದರೆ ನೀವು ನಂಬೋದಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಮನೆಗೆ ಹೋದವಳ ಜಾಗ ಯಾರು ಕಾಯುತ್ತಾರೆ, ಎದುರಿಗೆ ಸಿಕ್ಕಾಗ ಯಾರು ಮೊದಲು ಮಾತಾಡಿಸುತ್ತಾರೆ, ಬಂದ ನೆಂಟರು ಏಳುವ ಮೊದಲು ಎಷ್ಟು ಸಲ 'ಸರಿ ಹಾಗಾದ್ರೆ' ಅನ್ನುತ್ತಾರೆ, ಇದನ್ನೆಲ್ಲ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳೋದು. ದಿನಾ ಮಾಡೋ ಕೆಲಸಕ್ಕೆಲ್ಲ ಒಂದು ಕಟ್ಟುಪಾಡು ಇದೆ, ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು, ಅದು ಹೇಗೆ ಅಂತ ನೋಡ್ತಿದ್ದೀನಿ ಅನ್ನುತ್ತಿದ್ದರು. ಎಲ್ಲರಿಗೂ ಗೊತ್ತಿರೋದನ್ನ ನೋಡೋಕೆ ಸಂಬಳ ಬೇರೆ ಕೊಡ್ತಾರಾ ಅಂತ ಜವರಮ್ಮ ಮೂಗು ಮುರಿದಳು.

ಒಂದು ದಿನ ದ್ಯಾವಣ್ಣ ಚಿಕ್ಕಬೋರಯ್ಯನ ಮನೆಗೆ ಹೂವು ಕೊಟ್ಟ. ಕೊಟ್ಟು, "ಹೋಯ್ತೀನಿ" ಅಂದ. ಬಾಗಿಲಲ್ಲಿದ್ದ ಮುದುಕಿ ಮುಖ ಕಿವುಚಿಕೊಂಡು, ಎಂಥ ಅಪಶಕುನದ ಮಾತಪ್ಪ ಅಂತ ಬೀದಿಗೆಲ್ಲ ಕೇಳೋ ಹಾಗೆ ಗೊಣಗಿತು. ಸುದ್ದಿ ಜವರಮ್ಮನಿಗೆ ಬಂತು. ಅವಳು ಮಗನ ಕಿವಿ ಹಿಡಿದಳು.

"ಯಾರ ಮನೇಲೇ ಆಗ್ಲಿ ಹೋಯ್ತೀನಿ ಅನ್ಬಾರ್ದು ಕಣ್ಲಾ! ಹೋಗಿ ಬತ್ತೀನಿ ಅನ್ಬೇಕು."

"ಆಯ್ತು ಕಣವ್ವ."

ಆಯಿತು ಅಂದ ಮೇಲೆ ಮುಗಿಯಿತು, ಅವನು ಮರೆಯುವವನಲ್ಲ. ಎರಡು ದಿನ ಕಳೆದು ಅಕ್ಕಿ ಗಿರಣಿಯ ಯಜಮಾನರು ತೀರಿಕೊಂಡರು. ದ್ಯಾವಣ್ಣ ಹಾರ ತಗೊಂಡು ಹೋದ, ಹೆಣದ ಮೇಲೆ ಹಾಕಿದ, ಕೈ ಮುಗಿದ. ಎಲ್ಲ ಸರಿಯಾಗೇ ಮಾಡಿದ. ಏಳುವಾಗ ಸತ್ತವರ ಹೆಂಡತಿಯ ಮುಂದೆ ನಿಂತು, "ಹೋಗಿ ಬತ್ತೀನಿ ಕಣವ್ವ" ಅಂದ. ಆಕೆ ಅಳೋದು ನಿಲ್ಲಿಸಿ ನೋಡಿದಳು. ಕೇಳಿಸಲಿಲ್ಲವೇನೋ ಅಂತ ದ್ಯಾವಣ್ಣ ಇನ್ನೂ ಗಟ್ಟಿಯಾಗಿ, "ತಿರ್ಗಾ ಬತ್ತೀನಿ" ಅಂದ. ಮೂರು ಜನ ಗಂಡುಮಕ್ಕಳು, ಅಪ್ಪ ಸತ್ತ ಸಂಕಟವನ್ನೆಲ್ಲ ಅವನ ಬೆನ್ನ ಮೇಲೆ ತೀರಿಸಿಕೊಂಡರು.

ಮನೆಗೆ ಬಂದರೆ ಅಲ್ಲೂ ಪೂಜೆ. ಸಾವಿನ ಮನೇಲಿ ಹಾಗಂತಾರೇನ್ಲಾ ಅಂತ ಜವರಮ್ಮ ಕೂಗಾಡಿದಳು. ಸಾವಿನ ಮನೆ ಅಂತ ನಂಗೆಂಗ್ ಗೊತ್ತಾಗ್ಬೇಕವ್ವ, ಗುರುತು ಹೇಳು ಅಂದ ಅವನು. ಹೆಣ ನೋಡಿ ಬಂದವನು ಕೇಳೋ ಮಾತಾ ಇದು? ಆದರೆ ಸಿಟ್ಟಿನಲ್ಲಿದ್ದವಳು ಬಾಯಿಗೆ ಬಂದದ್ದು ಹೇಳಿಬಿಟ್ಟಳು.

"ಮನೆ ಮುಂದೆ ಶಾಮಿಯಾನ ಹಾಕವ್ರಾ, ಕೆಂಪು ಕುರ್ಚಿ ಹಾಕವ್ರಾ, ಜನ ಸೇರವ್ರಾ, ಮಾತಾಡ್ದೆ ಎದ್ದು ಬಾ. ತಿರುಗಿ ನೋಡ್ಬೇಡ. ಯಾರನ್ನೂ ಮುಟ್ಟೋಕ್ ಮುಂಚೆ ತಲೆ ಮೇಲೆ ನೀರು ಉಯ್ಕೊ."

"ಆಯ್ತು ಕಣವ್ವ."

ಮುಂದಿನ ವಾರ ಶಾಮಿಯಾನ ಹಾಕಿದ್ದು ಯಾರ ಮನೆ ಮುಂದೆ ಅಂತೀರಿ? ಚಿಕ್ಕಬೋರಯ್ಯನ ಹೊಸ ಮನೆಯ ಗೃಹಪ್ರವೇಶ! ಅದೇ ಶಾಮಿಯಾನ, ಅದೇ ಕೆಂಪು ಕುರ್ಚಿ. ನಮ್ಮೂರಲ್ಲಿ ಬಾಡಿಗೆಗೆ ಕೊಡೋ ಅಂಗಡಿ ಇರೋದೇ ಒಂದು, ಸತ್ತರೂ ಅದೇ, ಹುಟ್ಟಿದರೂ ಅದೇ. ದ್ಯಾವಣ್ಣ ಹೋಳಿಗೆ ಊಟ ಮಾಡಿದ. ತಾಂಬೂಲ ತಗೊಳ್ಳಪ್ಪ ಅಂತ ಮನೆಯ ಸೊಸೆ ತಟ್ಟೆ ಹಿಡಿದರೆ ಬಾಯಿ ಬಿಗಿದುಕೊಂಡು ಪಕ್ಕಕ್ಕೆ ಸರಿದ. ತಿರುಗಿ ನೋಡದೆ ಹೊರಗೆ ಬಂದ. ಮನೆಯ ಮುಂದಿನ ತೊಟ್ಟಿಯಿಂದ ಒಂದು ಬಕೆಟ್ ನೀರು ಎತ್ತಿ, ಎಲ್ಲರ ಎದುರಿಗೆ, ಬಟ್ಟೆ ಸಮೇತ ತಲೆ ಮೇಲೆ ಸುರಿದುಕೊಂಡ.

ಹೊಸ ಮನೆಯನ್ನ ಸಾವಿನ ಮನೆ ಮಾಡಿದನಲ್ಲ ಅಂತ ಚಿಕ್ಕಬೋರಯ್ಯ ಕುಣಿದಾಡಿದ. ಒದ್ದೆ ಬಟ್ಟೆಯಲ್ಲೇ ದ್ಯಾವಣ್ಣನಿಗೆ ನಾಲ್ಕು ಬಿತ್ತು. ಜವರಮ್ಮ ಹೋಗಿ ಕಾಲಿಗೆ ಬಿದ್ದಳು. ಮಾತು ಕೊಟ್ಟಿದ್ದೀನಿ, ಭಾನುವಾರ ಹೆಣ್ಣು ನೋಡೋಕೆ ಬರ್ತೀವಿ, ಆ ನಿನ್ನ ಮಗನನ್ನ ಹದ್ದುಬಸ್ತಿನಲ್ಲಿಡು ಅಂತ ಅವನು ಹೇಳಿ ಕಳಿಸಿದ.

ಅನಸೂಯಾ ಮೇಡಂ ಅವತ್ತು ಜವರಮ್ಮನ ಮನೆಗೇ ಬಂದರು. ಅವರ ಮುಖದಲ್ಲಿ ಸಂತೋಷ! ಕಟ್ಟುಪಾಡು ಇರೋದು ಮುರಿದಾಗಲೇ ಕಾಣೋದು ಜವರಮ್ಮ, ನಿಮ್ಮ ಮಗನಿಂದ ನಾನು ಕಲಿತಷ್ಟು ಯಾರಿಂದಲೂ ಕಲಿತಿಲ್ಲ ಅಂದರು.

ಜವರಮ್ಮ ಹೂವಿನ ಬುಟ್ಟಿ ನೆಲಕ್ಕೆ ಕುಕ್ಕಿದಳು. "ಮುರಿದೋನ ಬೆನ್ನೂ ಮುರೀತಲ್ಲ ತಾಯಿ, ಅದನ್ನೂ ಬರ್ಕೊಂಡ್ರಾ? ನೀವು ಬರ್ಕೊಂಡು ಹೊಂಟೋಯ್ತೀರಿ. ಈ ಬೀದೀಲಿ ಬದುಕ್ಬೇಕಾದೋರು ನಾವು."

ಮೇಡಂ ಪುಸ್ತಕ ಮುಚ್ಚಿದರು. ಮುಚ್ಚಲೇಬೇಕಾದ ಮಾತು ಅದು.

ಭಾನುವಾರ ಬಂತು. ಜವರಮ್ಮನಿಗೆ ಹೇಳಿ ಹೇಳಿ ಗಂಟಲು ಬಿದ್ದುಹೋಗಿತ್ತು. ಕೊನೆಗೆ ಮಗನಿಗೆ ಒಂದೇ ಮಾತು ಹೇಳಿದಳು. "ಬಂದೋರ್ನ ನೋಡ್ಕೊ. ಮರ್ಯಾದಸ್ಥರು ಅವ್ರು. ಅವ್ರು ಏನ್ ಮಾಡ್ತಾರೋ ನೀನೂ ಅದ್ನೇ ಮಾಡು."

"ಆಯ್ತು ಕಣವ್ವ."

ನಾಲ್ಕು ಜನ ಬಂದರು. ಹುಡುಗ, ಅವನ ಅಪ್ಪ, ಅವ್ವ, ಚಿಕ್ಕಬೋರಯ್ಯ. ಮೇಡಂ ಬಾಗಿಲ ಹೊರಗೆ ನಿಂತಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ದ್ಯಾವಣ್ಣ ಅವರು ತಿಂದಾಗ ತಿಂದ, ನೀರು ಕುಡಿದಾಗ ಕುಡಿದ. ಜವರಮ್ಮನಿಗೆ ನೆಮ್ಮದಿಯಾಯಿತು.

ಮಾದೇವಿ ಬಂದು ಚಾಪೆಯ ಮೇಲೆ ಕೂತಳು. ಹುಡುಗನ ಅಪ್ಪ ಅವಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಹುಡುಗನ ಅವ್ವ, ಎದ್ದು ಬಾಗಿಲ ತನಕ ನಡೆದು ತೋರಿಸು ಅಂದಳು. ಮಾದೇವಿ ನಡೆದಳು. ಕಾಲು ನೆಟ್ಟಗಿದೆ ಅಂತ ಅಪ್ಪ ತಲೆಯಾಡಿಸಿದ. ಈ ಪೇಪರು ಓದು ಅಂತ ಒಂದು ಹಾಳೆ ಕೊಟ್ಟರು, ಕಣ್ಣು ಸರಿ ಇದೆಯೋ ಇಲ್ಲವೋ ನೋಡಬೇಕಲ್ಲ! ಓದಿದಳು. ಜಡೆ ಸ್ವಂತದ್ದೋ ಅಂತ ಕೈ ಹಾಕಿ ಎಳೆದು ನೋಡಿದರು. ಅವಳು ತಲೆ ತಗ್ಗಿಸಿಕೊಂಡು ನಿಂತಿದ್ದಳು, ಮೂರನೆಯ ಸಲ. ಬೀದಿಯಲ್ಲಿ ಒಬ್ಬರಿಗೂ ಇದು ಕೆಟ್ಟದು ಅನ್ನಿಸಲಿಲ್ಲ. ನನಗೆ ಮೈ ಉರಿಯೋದು ಇಲ್ಲೇ ನೋಡಿ.

ದ್ಯಾವಣ್ಣ ಎಲ್ಲ ನೋಡಿಕೊಂಡ. ಆಮೇಲೆ ಹುಡುಗನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ.

"ಎದ್ದು ಬಾಗ್ಲ ತಂಕ ನಡ್ದು ತೋರ್ಸಪ್ಪ."

ಹುಡುಗ ಗಾಬರಿಯಲ್ಲಿ ಎದ್ದು ಎರಡು ಹೆಜ್ಜೆ ಹಾಕಿಯೇಬಿಟ್ಟ. ಕಾಲು ನೆಟ್ಟಗವೆ ಅಂತ ದ್ಯಾವಣ್ಣ ತಲೆಯಾಡಿಸಿ ಪೇಪರು ಕೊಟ್ಟ. ಹುಡುಗ ತಗೊಳ್ಳೋದೋ ಬೇಡವೋ ಅಂತ ನಿಂತಿದ್ದಾಗ ದ್ಯಾವಣ್ಣ ಅವನ ಕ್ರಾಪಿಗೆ ಕೈ ಹಾಕಿ ಎಳೆದು ನೋಡಿದ. ಸ್ವಂತದ್ದೇ!

ಆಗ ನೋಡಬೇಕಿತ್ತು. ಮನೆಗೆ ಕರೆಸಿ ಅವಮಾನ ಮಾಡ್ತೀರಾ ಅಂತ ಅಪ್ಪ ಗುಡುಗಿದ. ಜವರಮ್ಮ ಮಗನ ಕೆನ್ನೆಗೆ ಬಾರಿಸಿದಳು. ಅವರು ಮಾಡಿದ್ನೇ ಮಾಡ್ದೆ ಕಣವ್ವ, ನೀನೇ ತಾನೇ ಹೇಳಿದ್ದು ಅಂತ ಅವನು ಕೆನ್ನೆ ಹಿಡಿದುಕೊಂಡ. ನಾಲ್ವರೂ ಎದ್ದರು. ತಾಂಬೂಲದ ತಟ್ಟೆ ಮುಟ್ಟಲಿಲ್ಲ, ಹೋಗಿ ಬರ್ತೀವಿ ಅನ್ನಲಿಲ್ಲ, ಜವರಮ್ಮ ಕೈ ಮುಗಿದು ಹಿಂದೆ ಓಡಿದರೂ ತಿರುಗಿ ನೋಡಲಿಲ್ಲ.

ದ್ಯಾವಣ್ಣನ ಮುಖ ಕಪ್ಪಿಟ್ಟಿತು. ಮಾತಾಡದೆ ಎದ್ದರು, ತಿರುಗಿ ನೋಡಲಿಲ್ಲ. ಅಂದರೆ? ಅವನು ತಮ್ಮ ಮನೆ ಮುಂದಿನ ತೊಟ್ಟಿಗೆ ಓಡಿ, ಬಕೆಟ್ ತುಂಬಿ ತಂದು, ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಚಿಕ್ಕಬೋರಯ್ಯನ ತಲೆಯ ಮೇಲೆ ಅರ್ಧ, ಹುಡುಗನ ಅಪ್ಪನ ತಲೆಯ ಮೇಲೆ ಅರ್ಧ ಸುರಿದ. "ಯಾರನ್ನೂ ಮುಟ್ಬೇಡಿ, ಇನ್ನಿಬ್ಬರಿಗೂ ತತ್ತೀನಿ" ಅಂದ.

ಜವರಮ್ಮ ಪೊರಕೆ ಎತ್ತಿಕೊಂಡು ಬಂದಳು. ಅವನು ಅಳುತ್ತಿದ್ದ.

"ನಮ್ಮನೇಲಿ ಯಾರು ಸತ್ರವ್ವ?"

ಅವಳ ಕೈ ಹಾಗೇ ನಿಂತಿತು. ಬಾಗಿಲ ಹೊರಗಿದ್ದ ಮೇಡಂ ಪುಸ್ತಕ ತೆಗೆಯಲೇ ಇಲ್ಲ.

ಆವರೆಗೆ ತಲೆ ತಗ್ಗಿಸಿಕೊಂಡೇ ಇದ್ದ ಮಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಹತ್ತಿರ ಹೋದಳು. ಇನ್ನೊಂದು ಬಕೆಟ್ ತುಂಬಾ ತುಂಬಿ ತಂದು ಅಣ್ಣನ ಕೈಗೆ ಕೊಟ್ಟಳು.

"ತಗೊ ಅಣ್ಣ. ಇನ್ನಿಬ್ರು ಉಳಿದವ್ರೆ."

ಹೇಳಿದ್ದನ್ನು ಹೇಳಿದಷ್ಟೇ ಮಾಡೋನು ದ್ಯಾವಣ್ಣ. ಇಂಥ ಹೊತ್ತಲ್ಲಿ ಹೋಗಿ ಬನ್ನಿ ಅನ್ನಬಾರದು ಅಂತ ಅವನಿಗೆ ಚೆನ್ನಾಗಿ ನೆನಪಿತ್ತು. ಬಾಯಿ ಮುಚ್ಚಿಕೊಂಡು ಬಕೆಟ್ ಬಗ್ಗಿಸಿದ.