ಕಾಂಡ್ಲಾ ಕೆತ್ತೆಯ ಬಚ್ಚಕ್ಕ

ತೊರಕೆ ಮೀನು ಬಾಲದ ಮುಳ್ಳಿನಿಂದ ನಾರ್ಣನ ಕಾಲಿಗೆ ಹೊಡೆಯಿತು. ಯಾವ ವರ್ಷ ಅಂತ ಕೇಳಬೇಡಿ. ನನ್ನ ಅಜ್ಜನಿಗೂ ಗೊತ್ತಿರಲಿಲ್ಲ. ಹೊಳೆ ಕಡಲಿಗೆ ಬೀಳುವಲ್ಲಿ ಒಂದು ಊರಿತ್ತು. ಆ ಊರಿನ ದೋಣಿಗೆ ನಾರ್ಣ ತಾಂಡೇಲ. ಅವನು ಕೈ ತೋರಿಸಿದ ಕಡೆ ದೋಣಿ ಹೋಗುತ್ತಿತ್ತು. ಹೋದಲ್ಲಿ ಮೀನು ಇರುತ್ತಿತ್ತು ಅಂತಾರೆ.

ಮುಳ್ಳು ಕಿತ್ತರು. ಕಾಲು ಊದಿತು. ಮೀನಖಂಡ ಕಪ್ಪಾಯಿತು. ಆಮೇಲೆ ನಾರತೊಡಗಿತು. ಮೂಗು ಮುಚ್ಚದೆ ಹತ್ತಿರ ಕೂತು ಗಂಜಿ ಕುಡಿಸಿದವಳು ಹೆಂಡತಿ ಒಬ್ಬಳೇ ಅಂತೆ. ತೊರಕೆ ಹೊಡೆದು ಕಾಲು ನಾರಿದವನು ಬದುಕಿದ್ದನ್ನು ಊರು ಕಂಡಿರಲಿಲ್ಲ. ಮೊಣಕಾಲಿನ ಕೆಳಗೆ ಕಡಿದುಬಿಡೋಣ ಅಂದರು ಕೆಲವರು. ನಾರ್ಣ ಒಪ್ಪಲಿಲ್ಲ. ಒಂದೇ ಕಾಲಿನವನು ತೆರೆಯ ಮೇಲೆ ದೋಣಿಯಲ್ಲಿ ನಿಲ್ಲುವುದು ಹೇಗೆ?

ಆಗ ಬಚ್ಚಕ್ಕ ಬಂದಳು.

ಬಚ್ಚಕ್ಕನ ಕೆಲಸ ಬಲೆ ಅದ್ದುವುದು. ಆಗ ಬಲೆಯೆಲ್ಲ ನೂಲಿನದು. ಹಾಗೇ ಬಿಟ್ಟರೆ ಉಪ್ಪು ನೀರಿನಲ್ಲಿ ಕೊಳೆಯುತ್ತಿತ್ತು. ಅವಳು ಹೊಳೆಬಾಯಿಯ ಕಾಂಡ್ಲಾ ಮರದ ತೊಗಟೆ ತರುತ್ತಿದ್ದಳು. ಕೆತ್ತೆ ಅಂತೇವೆ ನಾವು. ಅದನ್ನು ಜಜ್ಜಿ ತಾಮ್ರದ ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದಳು. ನೀರು ಕೆಂಪಾಗುತ್ತಿತ್ತು. ಮಳೆ ಹಿಂದಾದ ಮೇಲೆ ಊರಿನ ಬಲೆಗಳೆಲ್ಲ ಅದರಲ್ಲಿ ಮುಳುಗಿ ಎದ್ದೇ ಕಡಲಿಗೆ ಹೋಗಬೇಕು. ಅವಳ ಕೈ ಮೊಣಕೈವರೆಗೆ ಕೆಂಪು. ಏನು ಚುಚ್ಚಿದರೂ ಆ ಕೈಯಲ್ಲಿ ಕೀವಾಗುತ್ತಿರಲಿಲ್ಲ ಅಂತಾರೆ. ಆ ಕೈ ಮುಟ್ಟಿದ ಮೀನು ಮರುದಿನವೂ ನಾರುತ್ತಿರಲಿಲ್ಲ ಅಂತಾರೆ.

ಮೊದಲು ಅವಳು ಕರಟದಲ್ಲಿ ಆ ನೀರು ತೋಡಿ ಗಾಯಕ್ಕೆ ಹೊಯ್ದಳು. ಕೀವು ನಿಲ್ಲಲಿಲ್ಲ. ಕಾಲು ಪೂರ್ತಿ ಮುಳುಗಿರಬೇಕು ಅಂದಳು. ಅಷ್ಟು ಆಳದ ಪಾತ್ರೆ ಊರಲ್ಲಿ ಆ ಕೊಪ್ಪರಿಗೆ ಒಂದೇ. ಅದರಲ್ಲಿದ್ದದ್ದು ಆ ವರ್ಷ ಊರಿನ ಬಲೆಗಳನ್ನು ಅದ್ದಲು ಕುದಿಸಿದ ನೀರು.

ಗಂಡಸರು ಅಡ್ಡ ನಿಂತರು. ಕೀವು ಸೇರಿದ ನೀರಿಗೆ ಬಲೆ ಹಾಕಿದರೆ ಬಲೆಯೂ ಕಾಲಿನ ಹಾಗೇ ಕೊಳೆಯುತ್ತದೆ ಅಂದರು. ಇನ್ನೊಮ್ಮೆ ಕೆತ್ತೆ ತಂದು ಕುದಿಸುವಷ್ಟರಲ್ಲಿ ಮೀನಿನ ಹಿಂಡು ದಾಟಿ ಹೋಗುತ್ತದೆ ಅಂದರು. ವರ್ಷದ ಅನ್ನ ಹೋಗುತ್ತದೆ ಅಂದರು.

ಬಚ್ಚಕ್ಕ ಕೇಳಿದ್ದು ಇಷ್ಟೆ.

“ನೂಲ್ ಕೊಳೀಬಾರ್ದ್ ಅಂತ ಇಷ್ಟ್ ಮಾಡ್ತ್ರಿ. ಮನ್ಷ್ಯ ಕೊಳತ್ರೆ ಅಡ್ಡಿಲ್ಯಾ?”

ಅವಳು ಬೆಂಕಿ ತೆಗೆದಳು. ನೀರು ಎಳೆಮಗುವನ್ನು ಮೀಯಿಸುವ ಬಿಸಿಗೆ ಇಳಿಯುವವರೆಗೆ ಕಾದಳು. ಆಮೇಲೆ ನಾರ್ಣನ ಕಾಲು ಇಳಿಸಿದಳು.

“ಎಂತ ಬಚ್ಚಕ್ಕ, ನನ್ನೂ ಒಂದ್ ಬಲೆ ಅಂದ್ಕಂಡ್ಯಾ?” ಅಂದನಂತೆ ಅವನು ಹಲ್ಲು ಕಚ್ಚಿ.

“ಬಲೆ ಆದ್ರೆ ಸುಮ್ನೆ ಮನಿಕಂತಿತ್ತ್ ಮಾರಾಯ. ನೀನ್ ಬಾಯ್ ಮಾಡ್ತೆ.”

ಗಂಡಸರು ತಮ್ಮ ಬಲೆಗಳನ್ನು ಅದ್ದದೆಯೇ ಹೊತ್ತು ಕಡಲಿಗೆ ಹೋದರು. ನಾರ್ಣನ ಹೆಂಡತಿ ಮಾತ್ರ ಮನೆಯ ಬಲೆ ತಂದು ಗಂಡನ ಕಾಲಿನ ಪಕ್ಕದಲ್ಲೇ ಮುಳುಗಿಸಿದಳು. ಕಾಲು ಹೋದರೆ ಬಲೆಯೂ ಹೋಗಲಿ ಅಂದಳಂತೆ.

ಬೆಳಿಗ್ಗೆ ಸಂಜೆ ಕಾಲು ಕೊಪ್ಪರಿಗೆಯಲ್ಲಿ. ಉಳಿದ ಹೊತ್ತು ಅದೇ ನೀರಿನಲ್ಲಿ ಅದ್ದಿದ ಬಟ್ಟೆಯ ಸುತ್ತು. ಮೊದಲು ನಾತ ಹೋಯಿತು. ಆಮೇಲೆ ಕೀವು. ಕಪ್ಪು ಮಾಂಸ ಕಳಚಿ ಅಡಿಯಲ್ಲಿ ಹೊಸ ಚರ್ಮ ಕಂಡಿತು. ನೋಡಲು ಬಂದ ಕೆಲವರು ಕೈ ಮುಗಿದರು. ಕಾಲಿಗೋ, ಕೊಪ್ಪರಿಗೆಗೋ, ಅವರಿಗೇ ಗೊತ್ತಿಲ್ಲ.

ಕಡಲಿಗೆ ಹೋದ ಬಲೆಗಳು ಮಾಗಿಯ ಚಳಿ ಬರುವ ಮೊದಲೇ ಕೊಳೆತವು. ಎಳೆದರೆ ಎಳೆ ಎಳೆಯಾಗಿ ಕೈಗೆ ಬಂದವು. ಊರಲ್ಲಿ ಉಳಿದದ್ದು ನಾರ್ಣನ ಮನೆಯ ಬಲೆ ಒಂದೇ. ಅವನು ಕುಂಟುತ್ತ ದೋಣಿ ಹತ್ತಿದ. ಆ ವರ್ಷ ಊರು ಉಂಡದ್ದು ಆ ಬಲೆಯ ಮೀನು. ಅದು ಅವನ ಮಗನ ಕೈಯಲ್ಲೂ ಇತ್ತು ಅಂತಾರೆ. ಮೊಮ್ಮಗನ ಕೈಯಲ್ಲೂ ಇತ್ತು ಅಂತಾರೆ. ನಾನು ಕಂಡಿಲ್ಲ.

ಬಚ್ಚಕ್ಕ ಸತ್ತು ಎಷ್ಟು ಕಾಲವಾಯಿತೋ. ಈಗ ಬಲೆ ನೈಲಾನಿನದು. ಕೊಳೆಯುವುದಿಲ್ಲ, ಕೆತ್ತೆ ಬೇಡ. ಆದರೂ ಮಳೆ ಮುಗಿದು ದೋಣಿ ಇಳಿಸುವ ಮುಂಜಾನೆ ಆ ಊರಿನವರು ಕಾಂಡ್ಲಾ ಕೆತ್ತೆ ಕುದಿಸುತ್ತಾರೆ. ಆರಿದ ಮೇಲೆ ತಾಂಡೇಲ ಅದರಲ್ಲಿ ತನ್ನ ಕಾಲು ಇಳಿಸುತ್ತಾನೆ. ಬಲೆ ಆಮೇಲೆ.