ಹಾಲಮ್ಮ ತಾಯೇರು ಹಸದ ಕೌದಿಗೆ ಉಣಿಸಿದ್ದು

ಭಂಡಾರ ಮುಟ್ಟಿ ಹೇಳತೇನಿ, ಇದು ನಡದದ್ದು ಖರೆ. ಒಂದು ಅಕ್ಷರ ಸುಳ್ಳಿದ್ರ ನನ್ನ ನಾಲಗಿ ಸೇದಿ ಹೋಗಲಿ. ಸಾಲಿ ಕಲತಾವ್ರು ಇದನ್ನ ನನಕಿಂತ ಚಂದ ಬರದಾರು, ಬರೀಲಿ. ಖರೆ ಹೇಳೂದು ಮಾತ್ರ ಅವರಿಗಿಂತ ನನಗ ಗೊತ್ತೈತಿ. ಹಾಲಮ್ಮ ತಾಯೇರ ವಿಷಯದಾಗ ನನ್ನ ಮಾತು ತಗದ ಹಾಕೂ ಗಂಡಸು ಈ ಹೊಳಿ ದಂಡಿ ಏಳೂರಾಗ ಇನ್ನೂ ಹುಟ್ಟಿಲ್ಲ.

ಆವಾಗ ತಾಯೇರು ಊರ ಹೊರಗ ಒಂದು ಹಾಳಬಿದ್ದ ಗಾಣದ ಮನ್ಯಾಗ ಇರತಿದ್ರು. ಗಾಣ ನಿಂತು ಇಪ್ಪತ್ತು ವರ್ಷ ಆಗಿತ್ತು, ಗ್ವಾಡಿಗೆ ಇನ್ನೂ ಕುಸುಬಿ ಎಣ್ಣಿ ವಾಸನಿ ಇತ್ತು. ಒಂದು ಮಣ್ಣಿನ ಕೊಡ, ಒಂದು ಜೋಳಗಿ, ಹಾಸಾಕ ಗೋಣಿತಟ್ಟು. ಅಷ್ಟ ಅವರ ಸಂಸಾರ. ಹುಟ್ಟಿದಾಗಿಂದ ತಾಯೇರಿಗೆ ಕಣ್ಣು ಕಾಣತಿದ್ದಿಲ್ಲ. ಆದ್ರ ಬಂದಾವ್ರ ಹೆಜ್ಜಿ ಸಪ್ಪಳ ಕೇಳಿ, ಅವರ ಎದಿಯಾಗ ಏನೈತಿ ಅಂತ ತಿಳಕೊಂತಾರ ಅಂತ ಮಂದಿ ಅಂತಿದ್ರು.

ಮಂದಿ ಅಂದದ್ದನ್ನ ಗೊಂದಲಿಗರ ಖಂಡಪ್ಪ ನಂಬತಿದ್ದಿಲ್ಲ. ಆರಡಿ ಆಳು, ಮುಷ್ಟಿ ಅಂದ್ರ ತೆಂಗಿನಕಾಯಿ. ಸಂಬಾಳ ಬಾರಿಸಿದ್ರ ಮೂರೂರಿಗೆ ಕೇಳಸ್ತಿತ್ತು. "ನಾ ಮಾಡಿದ ಪ್ಲ್ಯಾನ್ ಯಾವತ್ತೂ ಕೆಟ್ಟಿಲ್ಲ" ಅನ್ನೂದು ಅವನ ದಿನದ ಮಾತು. ಅವನ ಹೇಣ್ತಿ ತುಳಜವ್ವ ಕೌದಿ ಹೊಲಿಯಾಕಿ. ಆಕಿ ಕೈಯಾನ ಕೌದಿ ಹೊತ್ತಾವ್ರು ಬ್ಯಾರೆ ಕೌದ್ಯಾಗ ಮಲಗತಿದ್ದಿಲ್ಲ. ಅವ್ವ ಸತ್ತಾವ್ರು, ಅಜ್ಜಿ ಸತ್ತಾವ್ರು ಹಳೇ ಸೀರಿ ಗಂಟ ಕಟ್ಟಕೊಂಡು ಬರತಿದ್ರು. "ಯವ್ವಾ, ನಮ್ಮವ್ವನ ಸೀರಿ, ಹೊತಗೊಂಡು ಮಲಗಂಗ ಮಾಡಿಕೊಡು." ತುಳಜವ್ವಗ ಒಲ್ಲೆ ಅನ್ನಾಕ ಬಾಯಿ ಬರತಿದ್ದಿಲ್ಲ.

ಅತ್ತಿ ಇರೂತನಕ ಇಬ್ಬರೂ ಕೂಡಿ ಹೊಲಿದ್ರು. ಅತ್ತಿ ಹೋದಳು, ಆಮ್ಯಾಲ ತುಳಜವ್ವನ ಕಣ್ಣು ಮಬ್ಬಾತು. ದೊಡ್ಡ ದವಾಖಾನಿ ಡಾಕ್ಟರು ನೋಡಿ, "ಒಂದು ಹೋಗೈತವ್ವ, ಇನ್ನೊಂದು ದೀಪಾವಳಿತನಕ ಇದ್ರ ನಿನ್ನ ಪುಣ್ಯ" ಅಂದ್ರು. ಮನ್ಯಾಗ ಇಪ್ಪತ್ತಮೂರು ಕೌದಿ ಅರ್ಧಕ್ಕ ಬಿದ್ದಿದ್ದವು. ಒಂದು ಅಂಚ ಅಷ್ಟ ಆಗಿದ್ದು, ಒಂದು ನಡಮಟಾ ಬಂದಿದ್ದು, ಒಂದಕ್ಕ ಕಡೀ ಮೂಲಿ ಒಂದ ಉಳದಿತ್ತು.

ಆ ಕಡೀ ಮೂಲಿ ಅಂದ್ರ ಏನು ಅಂತ ಹೇಳಬೇಕು. ಕೌದಿ ಮುಗಸೂ ಮುಂದ ಒಂದು ಮೂಲಿ ತೆರದ ಬಿಡತಾರ. ಬಿಸಿ ರೊಟ್ಟಿ ಮುರದು, ಚೂರು ಬೆಲ್ಲ ಹಚ್ಚಿ ಅದರಾಗ ಇಟ್ಟು, ಆಮ್ಯಾಲ ಹೊಲಿತಾರ. ಕೌದಿ ಹಸದಿರಬಾರದು. ಹಸದ ಕೌದಿ ಹೊತ್ತಾವ್ಗ ನಿದ್ದಿ ಹತ್ತೂದಿಲ್ಲ.

ಖಂಡಪ್ಪ ಪ್ಲ್ಯಾನ್ ಮಾಡಿದ. ಇದ್ದಲಿ ತಗೊಂಡು ಗ್ವಾಡಿಗೆ ಇಪ್ಪತ್ತಮೂರು ಗೀಟ ಎಳದ. "ದಿನಕ್ಕ ಇಪ್ಪತ್ತ ಸಾಲು, ವಾರಕ್ಕೊಂದು ಕೌದಿ. ದಸರಾಕ್ಕ ಮನಿ ಖಾಲಿ. ತಿಳೀತಿಲ್ಲೋ?"

"ಗೀಟ ಎಳದಷ್ಟು ಸರಳಲ್ಲರೀ ಅದು."

"ನೀ ಬರೇ ಮಾತಾಡ್ತಿ."

ಒಂದು ವಾರದಾಗ ಒಂದು ಗೀಟನೂ ಅಳಸಲಿಲ್ಲ. ಸೂಜಿಗೆ ದಾರ ಪೋಣಸೂದ್ರಾಗ ಆಕಿದು ಅರ್ಧ ದಿನ ಹೋಗತಿತ್ತು. ಎರಡನೇ ಪ್ಲ್ಯಾನ್‌ನ್ಯಾಗ ಓಣಿ ಹೆಂಗಸರನ್ನ ಕರದು ಕುಂದರಿಸಿದ. ಅವರು ಹೊಲಿದದ್ದನ್ನ ತುಳಜವ್ವ ಬೆರಳಿಲೆ ಸವರಿ ನೋಡಿ, ಸುಮ್ಮನ ಬಿಚ್ಚಿದಳು. ಖಂಡಪ್ಪಗ ಸಿಟ್ಟು ನೆತ್ತಿಗೇರಿತು. ಆಕಿ ನೀರಿಗೆ ಹೋದಾಗ ಎಲ್ಲಾ ಕೌದಿ ಚಕ್ಕಡಿಗೆ ಹೇರಿ, ಮುಧೋಳದಾಗ ಒಬ್ಬ ಮಷಿನ್ ಟೇಲರ್‌ಗೆ ಹಾಕಿ, ಅಡ್ವಾನ್ಸ್ ಎಣಿಸಿ ಕೊಟ್ಟು ಬಂದ.

"ಮೂಲ್ಯಾಗ ರೊಟ್ಟಿ ಇಡಬೇಕಪ್ಪ" ಅಂತ ಹೇಳಿದ್ರ ಟೇಲರ್ ನಕ್ಕ. "ಇಲಿ ಸಾಕಾಕ ಕೌದಿ ಬೇಕೇನೋ ಮಾವಾ?" ಖಂಡಪ್ಪನೂ ನಕ್ಕು ಬಿಟ್ಟ.

ಮನಿಗೆ ಬಂದ ತುಳಜವ್ವ ಕೌದಿ ಒಟ್ಟಿದ್ದ ಜಾಗಾ ಸವರಿದಳು, ಖಾಲಿ. ಉಣ್ಣೂ ಗಂಗಾಳ ದೂರ ಸರಿಸಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಳು. ಒಂದು ದಿನ, ಎರಡು ದಿನ, ಮೂರು ದಿನ. ನೀರ ಬಿಟ್ರ ಏನೂ ಮುಟ್ಟಲಿಲ್ಲ. ಮೂರೂರಿಗೆ ಕೇಳೂವಂಗ ಸಂಬಾಳ ಬಾರಿಸಾಂವಗ "ಏಳು, ಒಂದು ತುತ್ತು ತಿನ್ನು" ಅನ್ನೂದ್ರಾಗ ದನಿ ಸತ್ತು ಹೋತು.

ಓಣಿ ಮಂದಿ ತಾಯೇರ ಹಂತೇಕ ಕರಕೊಂಡು ಹೋಗು ಅಂದ್ರು. "ಕಣ್ಣಿಲ್ಲದಾವ್ರು ಕಣ್ಣು ಹೋಗಾಕಿಗೆ ಏನ್ ದಾರಿ ತೋರಸ್ತಾರ?" ಅಂತ ಗೊಣಗಿಕೋತ, ಹೇಣ್ತಿನ್ನ ಬೆನ್ನಮ್ಯಾಲ ಹೊತಗೊಂಡ ಹೋದ. ಹಗರಾಗಿದ್ದಳು ಆಕಿ. ಅದ ಅವನ್ನ ಹೆದರಿಸ್ತು.

ತಾಯೇರು ಹರದ ಗೋಣಿಚೀಲ ಹೊಲಿಕೋತ ಕುಂತಿದ್ರು.

"ಬಾ ತಮ್ಮಾ. ಇಳಸು ಅಕಿನ್ನ."

"ಅವ್ವಾರ, ಇಕಿ ಮೂರು ದಿನಾತು ಉಂಡಿಲ್ಲರಿ. ನೀವು ಒಂದು ಮಾತು ಹೇಳ್ರಿ, ಉಣ್ಣು ಅಂತ."

ತಾಯೇರು ಸೂಜಿ ನಿಲ್ಲಿಸಿದ್ರು. "ನಿನ್ನ ಮನ್ಯಾಗ ಎಷ್ಟ ಮಂದಿ ಹಸದು ಕುಂತಾರಪ್ಪ?"

"ಇಕಿ ಒಬ್ಬಾಕೀನರಿ."

"ಅಲ್ಲ. ಇಪ್ಪತ್ತನಾಕು."

ಇಪ್ಪತ್ತಮೂರು ಕೌದಿ, ಒಬ್ಬಾಕಿ ತುಳಜವ್ವ, ಖಂಡಪ್ಪ ಮನಸಿನ್ಯಾಗ ಲೆಕ್ಕಾ ಹಾಕಿದ. ಕೌದಿ ವಿಷಯ ಅಂವ ತುಟಿ ಮ್ಯಾಲ ತಂದಿದ್ದಿಲ್ಲ. ಎಷ್ಟದಾವ ಅಂತ ಓಣ್ಯಾಗ ಒಬ್ಬರೂ ಎಣಿಸಿದ್ದಿಲ್ಲ, ಆ ಗೀಟ ಎಳದ ಗ್ವಾಡಿ ಬಿಟ್ರ. ಅಂವ ಟೊಪಗಿ ತಗದು ನೆಲಕ್ಕ ಕುಂತ.

ತುಳಜವ್ವ ಮಾತ್ರ ಮೂರು ದಿನದಾಗ ಮೊದಲನೇ ಸಲ ಬಾಯಿ ಬಿಟ್ಟಳು. "ಹೌದರಿ ಅವ್ವಾರ. ಮಂದಿ ಅವ್ವಂದಿರು ಹಸದಾರ. ನಾ ಹ್ಯಾಂಗ ಉಣ್ಣಲಿ?"

ತಾಯೇರು ತಮ್ಮ ಸೂಜಿಯಿಂದ ದಾರ ಕಿತ್ತು ತಗದ್ರು. ಸೂಜಿ ಕಣ್ಣು ನಾಲಗಿ ತುದಿಗೆ ಹಚ್ಚಿದ್ರು, ಇನ್ನೊಂದು ಕೈಲೆ ದಾರ ತುಟಿ ನಡುವ ತಂದ್ರು. ಉಸರು ಒಳಗ ಎಳಕೊಂಡದ್ದಷ್ಟ ಕಂಡದ್ದು. ದಾರ ಆ ಕಡೆ ಹೊರಗ ಬಂದಿತ್ತು. ಖಂಡಪ್ಪ ಕಣ್ಣು ಮಿಟಕಿಸಿದ. ತಾಯೇರು ಮತ್ತ ಕಿತ್ತು ತಗದು, ಸೂಜಿ ತುಳಜವ್ವನ ಕೈಯಾಗ ಇಟ್ರು.

"ಕಣ್ಣ ಮುಚ್ಚವ್ವಾ. ಅದು ಹೋಗಾಕತ್ತೈತಿ, ಹೋಗಲಿ."

ಆಕಿ ಮುಚ್ಚಿದಳು. ಒಮ್ಮೆ ತಪ್ಪಿತು. ಹತ್ತು ಸಲ ತಪ್ಪಿತು. ನಾಲಗಿಗೆ ಚುಚ್ಚಿ ರಗತ ಬಂತು. ಖಂಡಪ್ಪ "ಬಿಡ್ರಿ ಅವ್ವಾರ, ಬ್ಯಾಡ" ಅಂತ ಎದ್ದ. ತಾಯೇರು ಕೈ ಎತ್ತಿದ್ರು, ಅಂವ ಮತ್ತ ಕುಂತ. ಹೊತ್ತು ನೆತ್ತಿಮ್ಯಾಲಿಂದ ಜಾರಿತು. ತಾಯೇರು ಆಕಿ ಉಸರಿನ ಜೊತಿ ತಮ್ಮ ಉಸರು ಕೂಡಿಸಿ ಕುಂತಿದ್ರು. ಆಮ್ಯಾಲ ತುಳಜವ್ವ ಸಣ್ಣಾಗಿ "ಹಾ" ಅಂದಳು.

ದಾರ ಹೊಕ್ಕಿತ್ತು.

ತಾಯೇರು ಗೋಣಿಚೀಲ ಆಕಿ ತೊಡಿಮ್ಯಾಲ ಸರಿಸಿದ್ರು. ಎಡಗೈ ಹೆಬ್ಬಟ್ಟು ಮುಂದ, ಸೂಜಿ ಹಿಂದ, ಕಣ್ಣು ಮುಚ್ಚೇ ಇತ್ತು. ಒಂದು ಗೇಣು ಹೊಲಿಗಿ ಹಾಕಿದಳು. ಖಂಡಪ್ಪ ಬಗ್ಗಿ ನೋಡಿದ. ನೇಗಿಲ ಸಾಲ ಇದ್ದಂಗ ನೆಟ್ಟಗ ಇತ್ತು. ಕಣ್ಣಿದ್ದಾಗ ಹಾಕಿದ್ದಕೂ ಇದಕೂ ಅವನಿಗೆ ಫರಕ ಕಾಣಲಿಲ್ಲ. ನಲವತ್ತು ವರ್ಷ ಆಕಿ ಕಣ್ಣಿಲೆ ಹೊಲಿತಾಳ ಅಂತ ತಿಳದಿದ್ದ. ಕಣ್ಣು ಸುಮ್ಮನ ಜೊತಿಗಿತ್ತು ಅಂತ ಆಗ ತಿಳೀತು.

ತಾಯೇರು ಜೋಳಗ್ಯಾಗಿಂದ ಭಿಕ್ಷಾದ ಒಣ ರೊಟ್ಟಿ ತಗದು ಮುರದ್ರು. "ಅರ್ಧಾ ನಿನಗ, ಅರ್ಧಾ ಅವರಿಗೆ."

ತುಳಜವ್ವ ತನ್ನ ಅರ್ಧಾ ತಿಂದಳು. ಉಳದದ್ದನ್ನ ಸೆರಗಿನ್ಯಾಗ ಗಂಟ ಹಾಕಿದಳು.

"ಅವ್ವಾರ, ನಾ ಏನ್ ಮಾಡಲ್ರಿ?" ಅಂದ ಖಂಡಪ್ಪ.

"ನೀ ರೊಟ್ಟಿ ಬಡಿ."

ಅವತ್ತ ಮುಧೋಳಕ್ಕ ಹೋದ. ಟೇಲರ್ ಒಂದರ ಅಂಚಿಗೆ ಅಷ್ಟ ಮಷಿನ್ ಹಾಕಿದ್ದ. "ಕೌದಿ ಒಯ್ಯಿ ಮಾವಾ, ಅಡ್ವಾನ್ಸ್ ಮಾತ್ರ ವಾಪಸ್ ಬರಂಗಿಲ್ಲ" ಅಂದ. ಐದು ಪೈಸಾಕ್ಕ ಸಂತಿ ತುಂಬ ಜಗಳ ತಗಿಯೂ ಖಂಡಪ್ಪ ತಕರಾರ ತಗೀಲಿಲ್ಲ. ಒಂದೊಂದ ಕೌದಿ ಎರಡೂ ಕೈಲೆ ಎತ್ತಿ, ಹಡದ ಕೂಸು ಎತ್ತಿದಂಗ ಎತ್ತಿ, ಚಕ್ಕಡಿಗೆ ಇಟ್ಟ.

ಹನ್ನೊಂದನೇ ಕೌದಿಗೆ ತುಳಜವ್ವನ ಕಣ್ಣು ಪೂರ್ತಿ ಹೋತು. ಹನ್ನೆರಡನೇದು ನಿಲ್ಲಲಿಲ್ಲ. ದಸರಾಕ್ಕೂ ಮುಗೀಲಿಲ್ಲ, ದೀಪಾವಳಿಗೂ ಮುಗೀಲಿಲ್ಲ, ಮುಗದದ್ದು ಸಂಕ್ರಾಂತಿ ದಾಟಿ ಬರೂ ಅವರಾತ್ರಿ ಅಮಾಸಿ ದಿನ. ಒಲಿ ಮುಂದ ಯಾವತ್ತೂ ಕುಂದರದಾಂವ ಒಂದೊಂದು ಕೌದಿ ಕಡೀ ಮೂಲಿಗೂ ತಾನ ರೊಟ್ಟಿ ಬಡದ, ಬೆಲ್ಲ ಹಚ್ಚಿದ, ಅದರಾಗ ಇಡೂ ಮುಂದ "ಉಣ್ರಿ ಯವ್ವಾ" ಅಂದ. ಕಡೀ ಕೌದಿಗೆ ತಾಯೇರನ್ನ ಕರಿಯಾಕ ಹೋದ್ರ, ಗಾಣದ ಮನಿ ಉಡಗಿ ಹಸನಿತ್ತು, ತಾಯೇರು ಬ್ಯಾರೆ ಊರಿಗೆ ಹೋಗಿದ್ರು. ಖಂಡಪ್ಪ ಹೊಸ್ತಲಕ್ಕ ಹಣಿ ಹಚ್ಚಿ ಬಂದ.

ಪ್ಲ್ಯಾನ್ ಅನ್ನೂ ಮಾತು ಆಮ್ಯಾಲ ಅವನ ಬಾಯಾಗ ಬರಲಿಲ್ಲ. ಯಾರರೆ "ಆ ಟೇಲರ್ ಅಡ್ವಾನ್ಸ್‌ದಾಗ ನಿನಗ ಎಷ್ಟು ಲುಕ್ಸಾನ ಆತೋ ಮುದುಕಾ?" ಅಂತ ಕೆಣಕಿದ್ರ ಟೊಪಗಿ ತಗದು, ಗಾಣದ ಮನಿ ಕಡೆ ಕೈ ಮುಗದು, ಅಷ್ಟ ಹೇಳತಿದ್ದ: ಇನ್ನೂರ ಅರವತ್ತೇಳು ರೂಪಾಯಿ ಎಂಟಾಣೆ.