ಕೈ ಇಡುವ ದಿನ

"ಗುರುಗಳೇ, ಆಳುವವರೆಲ್ಲ ಕೆಟ್ಟುಹೋಗಿರುವಾಗ ಮರ್ಯಾದಸ್ಥನಾದವನು ಊರ ಉಸಾಬರಿಯಿಂದ ದೂರ ಇರುವುದೇ ಒಳ್ಳೆಯದಲ್ಲವೇ?"

ಹೀಗೆ ಕೇಳಿದವನು ಕೊಟ್ರಯ್ಯನೆಂಬ ಶಿಷ್ಯ. ಬೆಳಿಗ್ಗೆಯೇ ಮಠಕ್ಕೆ ಬಂದಿದ್ದ. ತನ್ನ ಊರಿನ ಯಜಮಾನ ಕಳ್ಳ, ಅವನ ಎದುರಾಳಿ ಇನ್ನೂ ದೊಡ್ಡ ಕಳ್ಳ, ಇಬ್ಬರ ಹಿಂದೆ ಸುತ್ತುವವರು ನಾಚಿಕೆಗೆಟ್ಟವರು ಎಂದು ಬಹಳ ಹೊತ್ತು ಹೇಳಿದ. ಶಾಲೆಯ ಮಾಳಿಗೆ ಸೋರುವುದನ್ನು ಹೇಳಿದ. ದಾರಿಯೆಲ್ಲ ಗುಂಡಿ ಬಿದ್ದಿರುವುದನ್ನು ಹೇಳಿದ. ಇವತ್ತೂ ಸಭೆ ಕರೆದಿದ್ದಾರೆ, ಅಲ್ಲಿ ಬರೀ ಕೂಗಾಟ, ಹೋಗಿ ಕೂರಲು ಅಸಹ್ಯವಾಗುತ್ತದೆ ಎಂದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಗುರುಗಳು ಪೂರ್ತಿ ಕೇಳಿದರು. ಅವರಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಶಿಷ್ಯನಿಗೆ ತಿಳಿಯಲಿಲ್ಲ. "ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಊರು. ಊರಿನ ಮುಂದೆ ದೊಡ್ಡ ಹೊಳೆ. ಸಂತೆ, ಬೀಗರು, ವೈದ್ಯ ಎಲ್ಲ ಆಚೆ ದಡದಲ್ಲಿ. ದಾಟಲು ಇದ್ದದ್ದು ಒಂದೇ ಹರಿಗೋಲು. ಬಿದಿರು ಹೆಣೆದು, ಹೊರಗೆ ಎಮ್ಮೆಯ ಚರ್ಮ ಹೊದಿಸಿದ ದೊಡ್ಡ ಬುಟ್ಟಿಯಂಥ ದೋಣಿ ಅದು. ಯಾರೊಬ್ಬರ ಸ್ವತ್ತೂ ಅಲ್ಲ, ಊರಿನದು. ಅದನ್ನು ನಡೆಸಲು ಊರು ಒಬ್ಬ ಅಂಬಿಗನನ್ನು ಇಟ್ಟುಕೊಂಡಿತ್ತು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವನಿಗೆ ಕಾಳು ಹೋಗುತ್ತಿತ್ತು. ಚರ್ಮ ಸವೆದಾಗ ಊರೇ ಹೊಸ ಚರ್ಮ ಕೊಡುತ್ತಿತ್ತು.

ಆ ಊರಿನಲ್ಲಿ ಒಂದು ಪದ್ಧತಿ. ಮಳೆಗಾಲಕ್ಕೆ ಮೊದಲು ಒಂದು ದಿನ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕುತ್ತಿದ್ದರು. ಪ್ರತಿ ಮನೆಯಿಂದ ಒಬ್ಬರು ಬಂದು ಚರ್ಮದ ಮೇಲೆ ಕೈ ಇಟ್ಟು ಒತ್ತಿ ನೋಡಬೇಕು. ಗಟ್ಟಿಯಿದ್ದರೆ 'ಸಾಕು' ಎನ್ನಬೇಕು. ಕೆಟ್ಟಿದ್ದರೆ 'ಸಾಲದು' ಎನ್ನಬೇಕು. ಸಾಲದು ಎಂದವರು ಹೆಚ್ಚಾದರೆ ಹೊದಿಕೆಯನ್ನೆಲ್ಲ ಬಿಚ್ಚಿ ಹೊಸ ಚರ್ಮ ಹಾಕಿಸಿ, ಅಂಬಿಗನನ್ನೂ ಬದಲಿಸುತ್ತಿದ್ದರು. ಇದಕ್ಕೆ ಕೈ ಇಡುವ ದಿನ ಎಂದು ಹೆಸರು.

ಬಾರದ ಮನೆಯವರ ಮಾತನ್ನು 'ಸಾಕು' ಎಂದೇ ಹಿಡಿಯುತ್ತಿದ್ದರು. ಹಿರಿಯರು ಯೋಚಿಸಿಯೇ ಹಾಗೆ ಮಾಡಿದ್ದರು. ತಾನು ಕೂರುವ ಹರಿಗೋಲಿನ ಮೇಲೆ ಅನುಮಾನ ಇರುವವನು ಆ ದಿನ ಮನೆಯಲ್ಲಿ ಕೂತಾನೆಯೇ? ಎದ್ದು ಬಿದ್ದು ಬರುತ್ತಾನೆ. ಬರಲಿಲ್ಲವೆಂದರೆ ಅವನ ದೂರೇನೂ ಇಲ್ಲ. ಹೀಗೆಂದು ನಂಬಿದ್ದರು ಅವರು. ಪಾಪ, ತಮ್ಮ ಮರಿಮಕ್ಕಳು ಎಂಥವರಾಗುತ್ತಾರೆಂದು ಆ ಹಿರಿಯರಿಗೇನು ಗೊತ್ತು!

ಒಂದು ಕಾಲಕ್ಕೆ ಹೊಸ ಅಂಬಿಗ ಬಂದ. ಮೊದಮೊದಲು ಬಲು ವಿನಯ. ಮುದುಕರನ್ನು ಕೈ ಹಿಡಿದು ಹತ್ತಿಸುತ್ತಿದ್ದ. ಆಮೇಲೆ ಊರು ಕೊಟ್ಟ ಹೊಸ ಚರ್ಮವನ್ನು ಸಂತೆಯಲ್ಲಿ ಮಾರಿಕೊಂಡ. ಹರಿಗೋಲಿಗೆ ತೇಪೆ ಹಾಕಿದ. ತೇಪೆಯ ಮೇಲೆ ಇನ್ನೊಂದು ತೇಪೆ ಹಾಕಿದ. ಒಳಗೆ ನೀರು ಜಿನುಗತೊಡಗಿತು. ಕೇಳಿದವರಿಗೆ, "ಹೊಳೆ ಅಂದ ಮೇಲೆ ನೀರು ಇರೋದಿಲ್ಲವೇ?" ಎಂದ. ಜನ ಏನು ಮಾಡಿದರು? ತಂಬಿಗೆ ಹಿಡಿದುಕೊಂಡು ಹತ್ತಿದರು. ನೀರು ಎತ್ತಿ ಹೊರಗೆ ಚೆಲ್ಲುತ್ತ ಹೊಳೆ ದಾಟುವುದನ್ನು ಕಲಿತರು. ಮದುವೆಯಾಗಿ ಹೋಗುವ ಹುಡುಗಿಗೆ ಬುತ್ತಿಯ ಜೊತೆ ಒಂದು ತಂಬಿಗೆಯನ್ನೂ ಕೊಟ್ಟು ಕಳಿಸುತ್ತಿದ್ದರು. ನನಗೆ ಸಹಿಸಲಾಗದ್ದು ಇದೇ ಕೊಟ್ರಯ್ಯ. ಹೊಸ ಚರ್ಮ ಕೇಳಬೇಕಾದವರು ಹೋಗಿ ದೊಡ್ಡ ತಂಬಿಗೆ ಕೊಂಡರು!

ಆ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅಂಬಿಗನನ್ನು ಅವನಷ್ಟು ಚೆನ್ನಾಗಿ ಬೈಯಬಲ್ಲವನು ಇನ್ನೊಬ್ಬನಿರಲಿಲ್ಲ. ಸಂಜೆಯಾದರೆ ಬೇವಿನ ಕಟ್ಟೆಗೆ ಬಂದು ಕೂರುತ್ತಿದ್ದ. ಎಲ್ಲೆಲ್ಲಿ ತೇಪೆ ಇದೆ, ಊರ ಚರ್ಮ ಯಾರ ಕೈಗೆ ಹೋಯಿತು, ಅಂಬಿಗನ ಭಾವಮೈದುನ ಹೇಗೆ ಹೊಸ ಮನೆ ಕಟ್ಟಿದ ಎಂದು ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಿದ್ದ. ಜನ ಸುತ್ತ ಸೇರಿ ತಲೆದೂಗುತ್ತಿದ್ದರು. ತಾವೂ ನಾಲ್ಕು ಮಾತು ಸೇರಿಸುತ್ತಿದ್ದರು. ಎಲ್ಲರ ಮನಸ್ಸೂ ಹಗುರವಾಗುತ್ತಿತ್ತು. ಹಗುರವಾದ ಮೇಲೆ ಮನೆಗೆ ಹೋಗಿ ಉಂಡು ಮಲಗುತ್ತಿದ್ದರು.

ಅಂಬಿಗನ ಮನೆ ಕಟ್ಟೆಯ ಎದುರಿಗೇ ಇತ್ತು. ಬೈಗುಳವೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಅವನು ಹೆಂಡತಿಯ ಕೈಯಲ್ಲಿ ಕಟ್ಟೆಗೆ ಒಂದು ಕೊಡ ಮಜ್ಜಿಗೆ ಕಳಿಸುತ್ತಿದ್ದ.

"ನಿಮ್ಮನ್ನು ಬೈಯೋರಿಗೆ ನಾನು ಮಜ್ಜಿಗೆ ಹೊರಬೇಕೇ?" ಎಂದು ಅವಳು ಒಮ್ಮೆ ಸಿಡುಕಿದಳು.

"ಗಂಟಲು ಒಣಗಿದರೆ ಬೈಯೋದು ನಿಲ್ಲಿಸ್ತಾರೆ ಕಣೆ. ಅದು ನಿಂತರೆ ಯೋಚನೆ ಮಾಡೋಕೆ ಶುರು ಮಾಡ್ತಾರೆ" ಎಂದ ಅಂಬಿಗ.

ಇಂಗು, ಕರಿಬೇವು ಹಾಕಿದ ಮಜ್ಜಿಗೆ. ಈ ಮನೆಯಲ್ಲಿ ಇದೊಂದು ಮಾತ್ರ ಚೆನ್ನಾಗಿದೆ ಎಂದು ಕುಂಬಾರನೂ ಒಪ್ಪುತ್ತಿದ್ದ.

ಕುಂಬಾರನಿಗೆ ಒಬ್ಬಳೇ ಮಗಳು. ಆಚೆ ದಡದ ಊರಿಗೆ ಕೊಟ್ಟಿದ್ದ. ಆ ವರ್ಷ ಅವಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕು. ಬರುವಷ್ಟರಲ್ಲಿ ಮಳೆಗಾಲ ಶುರುವಾಗಿರುತ್ತದೆ. ಬರುವುದಿದ್ದರೆ ಅದೇ ಹರಿಗೋಲಿನಲ್ಲಿ ಬರಬೇಕು. ಕುಂಬಾರನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನೆದಷ್ಟೂ ಜೋರಾಗಿ ಬೈಯುತ್ತಿದ್ದ.

ಕೈ ಇಡುವ ದಿನ ಬಂತು. ಹೂವು ಮಾರುವ ಮುದುಕಿಯೊಬ್ಬಳು ಬೆಳಿಗ್ಗೆಯಿಂದ ಮನೆಮನೆಯ ಬಾಗಿಲು ತಟ್ಟುತ್ತ ಬಂದಳು. ಕುಂಬಾರ ತಿಗರಿಯ ಮುಂದೆ ಕುಳಿತಿದ್ದ.

"ಏಳಪ್ಪಾ, ಹೊಳೆದಂಡೆಗೆ ಬಾ. ಅಂಬಿಗನ ನೆಂಟರೆಲ್ಲ ಆಗಲೇ ಬಂದು ಕೂತಿದ್ದಾರೆ. ನಮ್ಮ ಕಡೆ ಜನ ಕಡಿಮೆ" ಎಂದಳು.

"ಅದಕ್ಕೇ ಬರೋದಿಲ್ಲ ತಾಯಿ. ಆ ಕೊಳಕು ಮಂದಿಯ ನಡುವೆ ಹೋಗಿ ನಾನು ನಿಲ್ಲಲೇ? ಇವನು ಹೋದರೆ ಇವನಪ್ಪನಂಥವನು ಬರ್ತಾನೆ. ಯಾರು ಬಂದರೂ ಅಷ್ಟೇ."

"ಅಂಬಿಗ ಯಾರಾದರೂ ಅಷ್ಟೇ ಅನ್ನು. ಚರ್ಮ ಹಳೇದಾದರೂ ಅಷ್ಟೇ, ಹೊಸದಾದರೂ ಅಷ್ಟೇನಾ? ಮಗಳು ಬರೋಳಿದ್ದಾಳಲ್ಲಪ್ಪಾ!"

"ಮಣ್ಣು ಹದಕ್ಕೆ ಬಂದಿದೆ. ಈಗ ಎದ್ದರೆ ಕೆಡುತ್ತೆ" ಎಂದು ಕುಂಬಾರ ತಿಗರಿ ತಿರುಗಿಸಿದ. ಮುದುಕಿ ಮುಂದಿನ ಮನೆಗೆ ಹೋದಳು.

ಹೊಳೆದಂಡೆಯಲ್ಲಿ ಕೈ ಇಟ್ಟವರಲ್ಲಿ ಸಾಲದು ಎಂದವರೇ ಹೆಚ್ಚಾಗಿದ್ದರು. ಬಾರದ ಮನೆಗಳನ್ನು ಸೇರಿಸಿದಾಗ 'ಸಾಕು' ಗೆದ್ದಿತು. ಬೇವಿನ ಕಟ್ಟೆಯ ಮಂದಿಯಲ್ಲಿ ಒಬ್ಬನೂ ಅಲ್ಲಿಗೆ ಬಂದಿರಲಿಲ್ಲ. ಅಂಬಿಗನನ್ನು ಉಳಿಸಿದವರು ಅವನ ನೆಂಟರಲ್ಲ, ದಿನವೂ ಅವನನ್ನು ಬೈಯುತ್ತಿದ್ದವರು. ಆ ಸಂಜೆ ಅವರೆಲ್ಲ ಕಟ್ಟೆಯ ಮೇಲೆ ಕೂಡಿ, ಈ ಊರಿನ ಜನಕ್ಕೆ ಯಾವಾಗ ಬುದ್ಧಿ ಬರುತ್ತದೋ ಎಂದು ಬಹಳ ಮರುಗಿದರು. ಇಂಥವರಿಗೆ ಏನು ಹೇಳುವುದು? ಹೇಳಿದರೆ ಅದಕ್ಕೂ ತಲೆದೂಗುತ್ತಾರೆ.

ಮುದುಕಿ ಮತ್ತು ಸಾಲದು ಎಂದ ಕೆಲವರು ಮಾತ್ರ ಸುಮ್ಮನೆ ಕೂರಲಿಲ್ಲ. ಪುಂಡಿ ನಾರು ಹೊಸೆದು ಉದ್ದನೆಯ ಹಗ್ಗ ಮಾಡಿದರು. ಅದನ್ನು ಹೊಳೆದಂಡೆಯಲ್ಲಿ ಇಟ್ಟರು. ಹರಿಗೋಲು ನೀರಿನಲ್ಲಿದ್ದಾಗ ಅವರಲ್ಲಿ ಯಾರಾದರೊಬ್ಬರು ಅಲ್ಲಿ ಇರುತ್ತಿದ್ದರು.

ಹೊಳೆ ತುಂಬಿತು. ಒಂದು ಬೆಳಿಗ್ಗೆ ಮಗಳು ಆಚೆ ದಡದಲ್ಲಿ ಹರಿಗೋಲು ಹತ್ತಿದಳು. ಕುಂಬಾರ ಈಚೆ ದಡದಲ್ಲಿ ಕಾದು ನಿಂತಿದ್ದ. ಇನ್ನೇನು ದಡ ಸಿಕ್ಕಿತು ಎನ್ನುವಾಗ ತೇಪೆ ಬಿಚ್ಚಿತು. ಅಂಬಿಗನಿಗೆ ಈಜು ಬರುತ್ತಿತ್ತು. ಹುಟ್ಟು ಬಿಟ್ಟು, ನೀರಿಗೆ ಹಾರಿ ದಡ ಸೇರಿದ. ಮಗಳು ತಂಬಿಗೆಯಲ್ಲಿ ನೀರು ಎತ್ತಿ ಎತ್ತಿ ಚೆಲ್ಲುತ್ತಲೇ ಇದ್ದಳು. ಅವಳಿಗೆ ಚಿಕ್ಕಂದಿನಿಂದ ಕಲಿಸಿದ್ದು ಅದನ್ನೇ. ಕುಂಬಾರ ದಡದ ಮೇಲೆ ನಿಂತು ಅಂಬಿಗನನ್ನು ಬೈಯುತ್ತಿದ್ದ. ಅವನಿಗೂ ಬರುತ್ತಿದ್ದದ್ದು ಅದೊಂದೇ.

ಮುದುಕಿಯ ಕಡೆಯವರು ಓಡಿ ಬಂದು ಹಗ್ಗ ಎಸೆದರು. ಮಗಳು ಅದನ್ನು ಹಿಡಿದಳು. ಕಲ್ಲಿಗೆ ಬಡಿಯುತ್ತ ದಡಕ್ಕೆ ಬಂದಳು. ಅವಳು ಬದುಕಿದಳು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಕುಂಬಾರ ಕೆಲವು ದಿನ ಮನೆಯಿಂದ ಹೊರಗೆ ಬರಲಿಲ್ಲ. ಬಂದ ದಿನ ಕಟ್ಟೆಯ ಮೇಲೆ ಕುಳಿತು ಹಿಂದೆಂದೂ ಬೈಯದ ಹಾಗೆ ಬೈದ. ಕೇಳಿದವರು ಕಣ್ಣೊರೆಸಿಕೊಂಡರು. ಎದುರು ಮನೆಯಿಂದ ಮಜ್ಜಿಗೆ ಬಂತು. ಅದನ್ನೂ ಕುಡಿದರು.

ಮರುವರ್ಷ ಕೈ ಇಡುವ ದಿನ ಮುದುಕಿ ಮತ್ತೆ ಅವನ ಬಾಗಿಲಿಗೆ ಹೋದಳು. "ಈ ಸಲವಾದರೂ ಬರ್ತೀಯೇನಪ್ಪಾ?" ಎಂದಳು. ಕುಂಬಾರನ ಕಣ್ಣಲ್ಲಿ ನೀರು ಬಂತು. "ಬಂದು ಏನಾಗಬೇಕು ತಾಯಿ? ಈ ಊರು ಉದ್ಧಾರ ಆಗೋದಿಲ್ಲ" ಎಂದ. ಕೂತಲ್ಲಿಂದ ಏಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ. "ಎಂಥ ಮನುಷ್ಯ ಗುರುಗಳೇ ಅವನು! ಹೆತ್ತ ಮಗಳಿಗೆ ಅಷ್ಟಾದ ಮೇಲೂ ಏಳಲಿಲ್ಲವೇ? ಅಂಬಿಗನಿಗಿಂತ ಅವನೇ ಕೆಟ್ಟವನು. ಇಂಥವರಿಂದಲೇ ಊರು ಹಾಳಾಗುವುದು. ಇಂಥವರನ್ನು ಸುಮ್ಮನೆ ಬಿಡಬಾರದು" ಎಂದು ಒಂದೇ ಸಮನೆ ಹೇಳುತ್ತ ಹೋದ. ಗುರುಗಳು ತಡೆಯಲಿಲ್ಲ. ಅವನ ಉಸಿರು ಮುಗಿಯುವವರೆಗೆ ಕಾದರು. ಬಾಗಿಲಾಚೆಯ ಬಿಸಿಲು ನೋಡಿದರು. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಆಮೇಲೆ ಅವರು ಆಡಿದ್ದು ಒಂದೇ ಮಾತು.

"ಬೈದು ಮುಗಿದಿದ್ದರೆ ಏಳು ಕೊಟ್ರಯ್ಯ, ನಿಮ್ಮ ಊರಿನ ಸಭೆ ಇವತ್ತೇ, ಇನ್ನೂ ಮುಗಿದಿಲ್ಲ."